ಲಿಟರೇಚರ್ ರಿವ್ಯೂ ಬರೆಯುವ ಮೊದಲು ಜಗಳ ಹುಡುಕಿ

ನಮ್ಮ ಯೂನಿವರ್ಸಿಟಿ ಲೈಬ್ರರಿಯ ರೆಫರೆನ್ಸ್ ಕೌಂಟರಿಗೆ ಲೈಬ್ರರಿ ಸೈನ್ಸ್, ಇನ್ಫರ್ಮೇಶನ್ ಸಿಸ್ಟಮ್ಸ್, ಮ್ಯಾನೇಜ್‌ಮೆಂಟ್ ಅಂತ ಮೂರೂ ಕಡೆಯ ಪಿಎಚ್‌ಡಿ ಹುಡುಗ ಹುಡುಗಿಯರು ಬರುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ. ‘ಮೇಡಂ, ಎರಡನೇ ಚಾಪ್ಟರಿಗೆ ಎಷ್ಟು ಪೇಪರ್ ಬೇಕು?’ ಎರಡನೇ ಚಾಪ್ಟರ್ ಅಂದರೆ ಲಿಟರೇಚರ್ ರಿವ್ಯೂ, ವಿಷಯದ ಮೇಲೆ ಈಗಾಗಲೇ ಬಂದ ಸಂಶೋಧನೆಗಳ ವಿಮರ್ಶೆ. ನೂರು ಅಂದರೆ ನೂರು ತರುತ್ತಾರೆ. ‘ಇವರು ಹೀಗೆ ಹೇಳಿದರು, ಅವರು ಹಾಗೆ ಹೇಳಿದರು’ ಅಂತ ಇಸವಿ ಪ್ರಕಾರ ಜೋಡಿಸುತ್ತಾರೆ. ಅದು ಮದುವೆ ಮನೆಯ ಮುಯ್ಯಿ ಪುಸ್ತಕ. ಯಾರು ಎಷ್ಟು ಕೊಟ್ಟರು ಅಂತ ಗೊತ್ತಾಗುತ್ತದೆ, ಮದುವೆ ಹೇಗಾಯಿತು ಅಂತ ಗೊತ್ತಾಗುವುದಿಲ್ಲ.

ಪೇಪರ್ ಎಣಿಸುವುದನ್ನು ಬಿಡಿ. ಒಂದೇ ವಿಷಯ ನೋಡಿದ ಇಬ್ಬರು ಎಲ್ಲಿ ಬೇರೆ ಬೇರೆ ಮಾತು ಹೇಳಿದ್ದಾರೆ ಅಂತ ಹುಡುಕಿ. ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳಿದರೆ ಅದೇ ರಿವ್ಯೂ. ಅಲ್ಲಿಂದಲೇ ನಿಮ್ಮ ಸಂಶೋಧನೆಯ ಜಾಗವೂ ಸಿಗುತ್ತದೆ.

ನಮ್ಮ ಮನೆಬಾಗಿಲ ಉದಾಹರಣೆ ತೆಗೆದುಕೊಳ್ಳೋಣ: ಕರ್ನಾಟಕದ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದ ಬದಲು ತಾಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗತೊಡಗಿತು. ಇನ್ಫರ್ಮೇಶನ್ ಸಿಸ್ಟಮ್ಸ್ ಓದುವ ಜಗತ್ತಿನಲ್ಲಿ ಈ ಯೋಜನೆಯ ಹೆಸರು ಕೇಳದವರು ಕಡಿಮೆ.

ಈಗ ಜಗಳ ನೋಡಿ. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಕಿಯಾಸ್ಕ್ ಬಳಸಿದವರನ್ನು ಮಾತಾಡಿಸಿತು. ಕೆಲಸ ಬೇಗ ಆಗುತ್ತಿದೆ, ಲಂಚ ತುಂಬ ಕಡಿಮೆಯಾಗಿದೆ ಅಂತ ಬಂತು. 2004ರಲ್ಲಿ ಯೋಜನೆಯನ್ನು ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ಸುಭಾಷ್ ಭಟ್ನಾಗರ್ ವಿಶ್ವಬ್ಯಾಂಕಿಗೆ ಬರೆದ ಕೇಸ್ ಸ್ಟಡಿಯೂ ಇದೇ ದಾರಿಯದು. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರ ವರದಿ ಬಂತು. ಅದರಲ್ಲಿ ಪೂರ್ತಿ ಉಲ್ಟಾ: ಲಂಚ ಹೆಚ್ಚಾಗಿದೆ, ಜಮೀನಿನ ವ್ಯವಹಾರಕ್ಕೆ ಹಿಡಿಯುವ ಸಮಯವೂ ಹೆಚ್ಚಾಗಿದೆ, ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಭೂಮಿ ಹಿಡಿಯುವುದು ಸಲೀಸಾಗಿದೆ.

ಹಾಗಾದರೆ ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಅಲ್ಲದಿರಬಹುದು. ಮೊದಲನೆಯವರು ಕೇಳಿದ್ದು ಕೌಂಟರಿನಲ್ಲಿ ಪಹಣಿ ಪ್ರತಿ ತೆಗೆದುಕೊಂಡ ಅನುಭವ. ಬೆಂಜಮಿನ್ ತಂಡ ನೋಡಿದ್ದು ಜಮೀನು ಕೈ ಬದಲಾಗುವ ಇಡೀ ದಾರಿ, ಅದೂ ರಿಯಲ್ ಎಸ್ಟೇಟ್ ಕುದಿಯುತ್ತಿದ್ದ ಬೆಂಗಳೂರಿನ ಸುತ್ತಮುತ್ತ. ಕಿಯಾಸ್ಕಿನಲ್ಲಿ ಲಂಚ ಇಳಿದು, ಖಾತೆ ಬದಲಾವಣೆಯ ಮೇಜಿನಲ್ಲಿ ಏರಿರಬಹುದು. ಎರಡೂ ಒಟ್ಟಿಗೆ ನಿಜ ಆಗಬಹುದು, ಅಲ್ವಾ? ಇಷ್ಟು ಬರೆದರೆ ನಿಮ್ಮ ರಿವ್ಯೂಗೆ ಜೀವ ಬಂತು. ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಬೆಂಗಳೂರಿನಿಂದ ದೂರ, ಜಮೀನಿಗೆ ಅಂಥ ಬೆಲೆ ಇಲ್ಲದ ತಾಲೂಕಿನಲ್ಲೂ ಹೀಗೇ ಆಯಿತಾ?

ಪ್ರಶ್ನೆ ಅಂದೆ. ‘ಭೂಮಿ ಯೋಜನೆ: ಒಂದು ಅಧ್ಯಯನ’ ಅನ್ನುವುದು ಶೀರ್ಷಿಕೆ, ಪ್ರಶ್ನೆ ಅಲ್ಲ. ನಿಮ್ಮ ಪ್ರಶ್ನೆಗೆ ‘ಇಲ್ಲ’ ಅನ್ನುವ ಉತ್ತರ ಬರಲು ಸಾಧ್ಯ ಇದೆಯಾ ನೋಡಿ. ಸಾಧ್ಯ ಇಲ್ಲ ಅಂದರೆ ಗೈಡ್ ಹತ್ತಿರ ಇನ್ನೊಂದು ಸಲ ಕೂತು ಮಾತಾಡಿ.

ಹುಡುಕುವ ಕೆಲಸ

ಗೂಗಲ್ ಸ್ಕಾಲರಿನಲ್ಲಿ ಇಂಗ್ಲಿಷಿನಲ್ಲಿ ಬರೀ ‘ಭೂಮಿ’ ಅಂತ ಹಾಕಿದರೆ ಆ ಹೆಸರಿನ ಲೇಖಕಿಯರೂ ಬರುತ್ತಾರೆ. ಪಹಣಿಯ ಇಂಗ್ಲಿಷ್ ಚುಟುಕು ಹೆಸರು ‘ಆರ್‌ಟಿಸಿ’ ಅಂತ ಹಾಕಿದರೆ ಬಸ್ಸು ಓಡಿಸುವ ನಿಗಮಗಳ ಪೇಪರುಗಳೂ ಬರುತ್ತವೆ. ‘ಲ್ಯಾಂಡ್ ರೆಕಾರ್ಡ್ಸ್’ ಅನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಕರ್ನಾಟಕ ಸೇರಿಸಿ. ಕಂಪ್ಯೂಟರೈಸೇಶನ್, ಡಿಜಿಟೈಸೇಶನ್ ಎರಡನ್ನೂ ಎಸ್ ಮತ್ತು ಝಡ್ ಎರಡೂ ಸ್ಪೆಲ್ಲಿಂಗಿನಲ್ಲಿ ಹಾಕಿ, ನಡುವೆ ದೊಡ್ಡಕ್ಷರದಲ್ಲಿ ‘ಆರ್’ (OR, ಅಥವಾ) ಅನ್ನುವ ಜೋಡಣೆ ಪದ ಕೊಡಿ. ಬೇಡದ್ದನ್ನು ಪದದ ಶುರುವಿಗೇ ಮೈನಸ್ ಚಿಹ್ನೆ ಅಂಟಿಸಿ ತೆಗೆಯಬಹುದು. ಒಂದು ಎಕ್ಸೆಲ್ ಹಾಳೆಯಲ್ಲಿ ತಾರೀಕು, ಎಲ್ಲಿ ಹುಡುಕಿದಿರಿ, ಯಾವ ಪದ, ಎಷ್ಟು ಬಂತು, ಎಷ್ಟು ಉಳಿಸಿಕೊಂಡಿರಿ ಅಂತ ಅವತ್ತವತ್ತೇ ಬರೆದಿಡಿ. ನಿಮ್ಮದು ಸಿಸ್ಟಮ್ಯಾಟಿಕ್ ರಿವ್ಯೂ (ಮೊದಲೇ ನಿಯಮ ಹಾಕಿಕೊಂಡು ಹುಡುಕುವ ರಿವ್ಯೂ) ಆದರೆ, ಎಷ್ಟು ಪೇಪರ್ ಸಿಕ್ಕಿ ಎಷ್ಟು ಉಳಿಯಿತು ಅಂತ ತೋರಿಸುವ ಪ್ರಿಸ್ಮಾ ಚಿತ್ರಕ್ಕೆ ಈ ಅಂಕಿಗಳೇ ಬೇಕು. ಆರು ತಿಂಗಳ ನಂತರ ನೆನಪಿನಿಂದ ತುಂಬಿಸಲು ಆಗುವುದಿಲ್ಲ.

ಆದರೆ ನನ್ನನ್ನು ಕೇಳಿದರೆ ಪದ ಹಾಕಿ ಹುಡುಕುವುದು ಬರೀ ಬಾಗಿಲು. ಮೂರು ನಾಲ್ಕು ಗಟ್ಟಿ ಪೇಪರ್ ಸಿಕ್ಕ ಮೇಲೆ ಪದಗಳನ್ನು ಪಕ್ಕಕ್ಕಿಟ್ಟು ಸೈಟೇಶನ್, ಅಂದರೆ ಒಂದು ಪೇಪರ್ ಇನ್ನೊಂದನ್ನು ಉಲ್ಲೇಖಿಸಿದ್ದನ್ನು, ಹಿಡಿದು ನಡೆಯಿರಿ. ಹಿಂದಕ್ಕೆ ಹೋಗುವುದು ಸುಲಭ, ಪೇಪರಿನ ಕೊನೆಯ ಪಟ್ಟಿ ಇದ್ದೇ ಇದೆ. ಮುಂದಕ್ಕೆ ಹೋಗುವುದನ್ನು, ಅಂದರೆ ಈ ಪೇಪರನ್ನು ಆಮೇಲೆ ಯಾರು ಉಲ್ಲೇಖಿಸಿದರು ಅಂತ ನೋಡುವುದನ್ನು, ಕಲಿಸಿದ್ದು ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್. ಅಮೆರಿಕದ ವಕೀಲರು ಒಂದು ತೀರ್ಪನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿಕೊಂಡಿತು ಅಂತ ನೋಡಲು ಶೆಪರ್ಡ್ಸ್ ಅನ್ನುವ ಸೂಚಿ ಇಟ್ಟುಕೊಂಡಿದ್ದರು. ಅದನ್ನು ನೋಡಿ ವಿಜ್ಞಾನಕ್ಕೂ ಹೀಗೇ ಮಾಡಬಹುದು ಅಂತ ಗಾರ್ಫೀಲ್ಡ್ 1955ರಲ್ಲಿ ಬರೆದರು. ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ 1960ರ ದಶಕದಲ್ಲಿ ಪುಸ್ತಕವಾಗಿ ಬಂತು. ಇವತ್ತು ಸ್ಕಾಲರಿನಲ್ಲಿ ನೀವು ಒತ್ತುವ ‘ಸೈಟೆಡ್ ಬೈ’ ಅದರ ಮೊಮ್ಮಗ.

ಅದನ್ನು ಒತ್ತಿದ ಮೇಲೆ ಮೇಲ್ಗಡೆ ಒಂದು ಚಿಕ್ಕ ಚೌಕ ಕಾಣುತ್ತದೆ, ಈ ಪೇಪರನ್ನು ಉಲ್ಲೇಖಿಸಿದವುಗಳ ಒಳಗೆ ಮಾತ್ರ ಹುಡುಕು ಅಂತ. ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಬೆಂಜಮಿನ್ ವರದಿಯನ್ನು ಹಿಡಿದವರ ಗುಂಪಿನೊಳಗೆ ‘ಚಾವ್ಲಾ’ ಅಂತ ಹುಡುಕಿ. ಎರಡೂ ಕಡೆಯವರನ್ನು ಒಂದೇ ಪೇಪರಿನಲ್ಲಿ ಎದುರುಬದುರು ಕೂರಿಸಿದವರು ಸಿಗುತ್ತಾರೆ. ನಿಮ್ಮ ರಿವ್ಯೂಗೆ ಬೇಕಾದವರು ಅವರೇ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನುವ ದುಡ್ಡಿನ ಸೈಟೇಶನ್ ಸೂಚಿಗಳು ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ಓಪನ್‌ಅಲೆಕ್ಸ್ ಇದೆ, ದುಡ್ಡು ಬೇಡ. ಸರ್ಕಾರಿ ಯೂನಿವರ್ಸಿಟಿಯವರಾದರೆ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ 2025ರಿಂದ ಬಹಳ ಜರ್ನಲ್‌ಗಳು ತೆರೆದಿವೆ. ನಿಮ್ಮ ಲೈಬ್ರರಿಯವರನ್ನು ಕೇಳಿ. ಕೇಳದೆ ಯಾವುದೋ ಕಳ್ಳ ಸೈಟಿಗೆ ಹೋಗುವವರೇ ಜಾಸ್ತಿ.

ಶೋಧಗಂಗಾದ ಬಗ್ಗೆ ಒಂದು ಮಾತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಥೀಸಿಸ್ ಭಂಡಾರ ಇದು. ಹಳೆಯ ಥೀಸಿಸ್‌ನ ಎರಡನೇ ಚಾಪ್ಟರ್ ಓದಿ, ಯಾವ ಪೇಪರುಗಳಿವೆ ಅಂತ ತಿಳಿದುಕೊಳ್ಳಿ. ಅಲ್ಲಿಂದ ಸಾಲು ಎತ್ತಬೇಡಿ. ಸಾಫ್ಟ್‌ವೇರ್ ಹಿಡಿಯುತ್ತದೆ ಅನ್ನುವುದು ಒಂದು ಕಾರಣ. ಅಲ್ಲಿನ ತಪ್ಪು ಇಸವಿ, ತಪ್ಪು ಹೆಸರು ನಿಮ್ಮ ಥೀಸಿಸ್‌ಗೂ ಬಂದು ಕೂರುತ್ತದೆ ಅನ್ನುವುದು ದೊಡ್ಡ ಕಾರಣ.

ಒಂದು ಅಂಕಿ ಎಲ್ಲ ಕಡೆ ಸಿಕ್ಕಿದರೆ ಅದರ ಬುಡಕ್ಕೆ ಹೋಗಿ. ಇ-ಆಡಳಿತದ ಪೇಪರುಗಳಲ್ಲಿ ಮತ್ತೆ ಮತ್ತೆ ಬರುವುದು 35, 50, 15: ಅಭಿವೃದ್ಧಿಶೀಲ ದೇಶಗಳಲ್ಲಿ 35% ಯೋಜನೆ ಪೂರ್ತಿ ಸೋಲು, 50% ಅರ್ಧ ಸೋಲು, 15% ಗೆಲುವು. ಮ್ಯಾಂಚೆಸ್ಟರಿನ ರಿಚರ್ಡ್ ಹೀಕ್ಸ್ 2003ರಲ್ಲಿ ಕೊಟ್ಟ ಅಂದಾಜು ಅದು. ಅಂದಾಜು ಅನ್ನುವ ಪದ ಒಬ್ಬರಿಂದ ಒಬ್ಬರಿಗೆ ದಾಟುವಾಗ ಬಿದ್ದು ಹೋಗಿದೆ. ಮೂಲ ಓದದೆ ಹಾಕಿದರೆ ವೈವಾದಲ್ಲಿ (ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ.

ಓದುವುದು, ಕೋಷ್ಟಕ ಹಾಕುವುದು

ಮೊದಲ ಸುತ್ತಿನಲ್ಲಿ ಪೂರ್ತಿ ಓದಬೇಡಿ. ಸಾರಾಂಶ, ವಿಧಾನ, ಕೋಷ್ಟಕಗಳು, ಇಷ್ಟೇ. ಯಾರನ್ನು ಕೇಳಿದರು, ಎಲ್ಲಿ, ಯಾವಾಗ, ಏನನ್ನು ಅಳೆದರು: ಈ ನಾಲ್ಕು ಕಾಣದಿದ್ದರೆ ಆ ಪೇಪರ್ ಬಿಟ್ಟುಬಿಡಿ.

ಆಮೇಲೆ ಒಂದು ಹಾಳೆ ಮಾಡಿ. ಎಡಗಡೆ ಪೇಪರುಗಳು, ಮೇಲ್ಗಡೆ ಪರಿಕಲ್ಪನೆಗಳು. ವೆಬ್‌ಸ್ಟರ್ ಮತ್ತು ವಾಟ್ಸನ್ 2002ರಲ್ಲಿ ಎಂಐಎಸ್ ಕ್ವಾರ್ಟರ್ಲಿ ಅನ್ನುವ ಜರ್ನಲ್‌ನಲ್ಲಿ ಹೇಳಿಕೊಟ್ಟ ದಾರಿ ಇದು. ಇನ್ಫರ್ಮೇಶನ್ ಸಿಸ್ಟಮ್ಸ್‌ನವರು ಇವತ್ತಿಗೂ ಇದನ್ನೇ ಹಿಡಿದಿದ್ದಾರೆ. ನಮ್ಮ ಉದಾಹರಣೆಗೆ ಮೇಲ್ಗಡೆ ‘ಸಮಯ’, ‘ಲಂಚ’, ‘ಮಧ್ಯವರ್ತಿ’, ‘ಖಾತೆ ಬದಲಾವಣೆ’, ‘ಯಾರ ಕೈಗೆ ಅಧಿಕಾರ ಹೋಯಿತು’ ಅಂತ ಕಾಲಂ ಹಾಕಿ. ತುಂಬಿಸಿದ ಮೇಲೆ ಅಡ್ಡಕ್ಕೆ ಅಲ್ಲ, ಉದ್ದಕ್ಕೆ ಓದಿ. ಒಂದೊಂದು ಕಾಲಂ ಒಂದೊಂದು ಪ್ಯಾರಾ ಆಗುತ್ತದೆ. ಖಾಲಿ ಬಿದ್ದ ಕಾಲಂ ಕಂಡರೆ ಖುಷಿಪಡಿ, ನಿಮ್ಮ ಸಂಶೋಧನೆಯ ಜಾಗ ಅದೇ.

ಸಿದ್ಧಾಂತದ ಪೀಡೆ

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ನಮ್ಮಲ್ಲಿ ಯಾವ ವ್ಯವಸ್ಥೆ ಕಂಡರೂ ಟ್ಯಾಮ್ ಪ್ರಶ್ನಾವಳಿ ಹಂಚುತ್ತಾರೆ. ಟೆಕ್ನಾಲಜಿ ಅಕ್ಸೆಪ್ಟೆನ್ಸ್ ಮಾಡೆಲ್, ಫ್ರೆಡ್ ಡೇವಿಸ್, 1989. ಉಪಯೋಗ ಇದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು, ಆಗ ಜನ ಬಳಸುತ್ತಾರೆ ಅನ್ನುವುದು ತಿರುಳು. ಒಳ್ಳೆಯ ಕೆಲಸವೇ. ಆದರೆ ಡೇವಿಸ್ ಅಳತೆಗೋಲನ್ನು ಪರೀಕ್ಷಿಸಿದ್ದು ಟೊರಾಂಟೊದ ಐಬಿಎಂ ಲ್ಯಾಬಿನ 112 ಜನರ ಮೇಲೆ, ಮತ್ತೆ ಬೋಸ್ಟನ್ ಯೂನಿವರ್ಸಿಟಿಯ 40 ಎಂಬಿಎ ವಿದ್ಯಾರ್ಥಿಗಳ ಮೇಲೆ. ಅವರಿಗೆ ಒಂದು ಸಾಫ್ಟ್‌ವೇರ್ ಬೇಡ ಅನ್ನುವ ಸ್ವಾತಂತ್ರ್ಯ ಇತ್ತು. ಬೆಳೆ ಸಾಲಕ್ಕೆ ಪಹಣಿ ಬೇಕಾದ ರೈತನಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಭೂಮಿ ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ. ‘ಮುಂದೆಯೂ ಈ ವ್ಯವಸ್ಥೆಯನ್ನು ಬಳಸಲು ಬಯಸುತ್ತೀರಾ?’ ಅಂತ ಕೇಳಿದರೆ ಅವನು ನಿಮ್ಮ ಮುಖ ನೋಡುತ್ತಾನೆ, ಪಾಪ, ‘ಹೂಂ’ ಅನ್ನುತ್ತಾನೆ. ನೀವು ಅದಕ್ಕೆ 5 ಅಂಕ ಹಾಕುತ್ತೀರಿ.

ಬಳಕೆ ಕಡ್ಡಾಯವೋ ಸ್ವಂತ ಇಷ್ಟವೋ ಅನ್ನುವುದರಿಂದ ಫಲಿತಾಂಶ ಬದಲಾಗುತ್ತದೆ ಅಂತ ವೆಂಕಟೇಶ್ ಮತ್ತು ಜೊತೆಗಾರರು ಟ್ಯಾಮ್ ಮುಂತಾದ ಹಲವು ಮಾದರಿಗಳನ್ನು ಕೂಡಿಸಿದ 2003ರ ಯುಟಾಟ್ ಮಾದರಿಯಲ್ಲೇ ಸೇರಿಸಿದ್ದಾರೆ. ಡಿಲೋನ್ ಮತ್ತು ಮ್ಯಾಕ್ಲೀನ್ ಅವರ, ಮಾಹಿತಿ ವ್ಯವಸ್ಥೆ ಗೆದ್ದಿತಾ ಅಂತ ಅಳೆಯುವ ಯಶಸ್ಸಿನ ಮಾದರಿ (1992, ತಿದ್ದಿದ್ದು 2003) ಮಾಹಿತಿಯ ಗುಣಮಟ್ಟವನ್ನೂ ಕೇಳುತ್ತದೆ. ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿ ಇದೆಯಾ ಅನ್ನುವುದು ರೈತನ ನಿಜವಾದ ಚಿಂತೆ. ಹಾಗಾಗಿ ಇಲ್ಲಿಗೆ ಅದು ಹೆಚ್ಚು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಯಾವ ಮಾದರಿ ತೆಗೆದುಕೊಂಡರೂ, ಯಾಕೆ ಅಂತ ಎರಡು ವಾಕ್ಯ ಬರೆಯಲು ಆಗಬೇಕು. ‘ಹೆಚ್ಚು ಜನ ಬಳಸಿದ್ದಾರೆ’ ಅನ್ನುವುದು ಕಾರಣ ಅಲ್ಲ.

ಬರೆಯುವಾಗ

ಹೀಗೆ ಬರೆಯಬೇಡಿ: ‘ಚಾವ್ಲಾ ಮತ್ತು ಭಟ್ನಾಗರ್ ಭೂಮಿ ಯೋಜನೆಯನ್ನು ಅಧ್ಯಯನ ಮಾಡಿದರು. ಬೆಂಜಮಿನ್ ಮುಂತಾದವರು ಭೂಮಿ ಯೋಜನೆಯನ್ನು ಅಧ್ಯಯನ ಮಾಡಿದರು.’ ಹೀಗೆ ಬರೆಯಿರಿ: ‘ಲಂಚದ ವಿಷಯದಲ್ಲಿ ಅಧ್ಯಯನಗಳು ಒಪ್ಪುವುದಿಲ್ಲ. ಕಿಯಾಸ್ಕ್ ಬಳಕೆದಾರರನ್ನು ಕೇಳಿದವು ಇಳಿಕೆ ಕಂಡವು. ಭೂವ್ಯವಹಾರವನ್ನು ಬೆನ್ನುಹತ್ತಿದವು ಏರಿಕೆ ಕಂಡವು. ಎರಡನ್ನೂ ಒಂದೇ ತಾಲೂಕಿನಲ್ಲಿ ಅಳೆಯುವುದು ಈ ಥೀಸಿಸ್‌ನ ಉದ್ದೇಶ.’

ರೆಫರೆನ್ಸ್‌ಗಳನ್ನು ಝೊಟೆರೊ ಅನ್ನುವ ಸಾಫ್ಟ್‌ವೇರಿನಲ್ಲಿ ಇಡಿ, ಪುಕ್ಕಟೆ. ಆದರೆ ನಮ್ಮ ಹೆಸರುಗಳಿಗೆ ಅದನ್ನು ಪೂರ್ತಿ ನಂಬಬೇಡಿ. ಇನಿಷಿಯಲ್ ಹಿಂದೋ ಮುಂದೋ, ಊರಿನ ಹೆಸರು ಸರ್‌ನೇಮ್ ಆಗಿದೆಯೋ ಅಂತ ಒಬ್ಬರೇ ಲೇಖಕರು ಮೂರು ರೂಪದಲ್ಲಿ ಬಂದಿರುತ್ತಾರೆ. ಪೇಪರಿನ ಮೊದಲ ಪುಟ ನೋಡಿ ಕೈಯಿಂದ ಸರಿ ಮಾಡಿ.

ಈಗಿನ ಹೊಸ ಕಾಯಿಲೆ, ಚಾಟ್‌ಬಾಟ್ ಕೊಡುವ ರೆಫರೆನ್ಸ್. ನಿಜವಾದ ಲೇಖಕ, ನಿಜವಾದ ಜರ್ನಲ್, ಇಲ್ಲದ ಪೇಪರ್. ಡಿಒಐ (ಪ್ರತಿ ಪೇಪರಿಗೂ ಕೊಡುವ ಕಾಯಂ ಕೊಂಡಿ ಸಂಖ್ಯೆ) ತೆರೆಯುತ್ತದಾ, ತೆರೆದರೆ ಅದೇ ಪೇಪರ್ ಬರುತ್ತದಾ, ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿದರೆ ಸಿಗುತ್ತದಾ ನೋಡಿ. ಸಿಗದಿದ್ದರೆ ತೆಗೆಯಿರಿ. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳ ಪೇಪರನ್ನೂ ಹಾಗೇ ದೂರ ಇಡಿ. ಒಳ್ಳೆಯ ಜರ್ನಲ್ ಯಾವುದು ಅಂತ ಹೇಳುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ, ಈಗ ನಿಮ್ಮ ಕಣ್ಣೇ ಪಟ್ಟಿ.

ಕನ್ನಡದ ಮೂಲಗಳನ್ನು ಮರೆಯಬೇಡಿ. ಕಂದಾಯ ಇಲಾಖೆಯ ಸುತ್ತೋಲೆ, ವಿಧಾನಮಂಡಲದ ಚರ್ಚೆ, ಪತ್ರಿಕೆಯ ಜಿಲ್ಲಾ ಪುಟ ಯಾವುದೂ ಸ್ಕೋಪಸ್‌ನಲ್ಲಿ ಸಿಗುವುದಿಲ್ಲ. ಸರ್ವರ್ ಡೌನ್ ಆಗಿ ಜನ ಸಾಲಿನಲ್ಲಿ ನಿಂತ ಸುದ್ದಿ ಜಿಲ್ಲಾ ಪುಟದಲ್ಲಿ ಬಂದಷ್ಟು ಇಂಗ್ಲಿಷ್ ಪೇಪರುಗಳಲ್ಲಿ ಬಂದಿಲ್ಲ. ಸುತ್ತೋಲೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಸಲ್ಲಿಸಿದ ವಾರವೇ ಹಾಕಿ.

ಮುಖ್ಯವಾದ ನಾಲ್ಕೈದು ಪೇಪರಿಗೆ ಸ್ಕಾಲರಿನಲ್ಲಿ ಅಲರ್ಟ್ ಇಟ್ಟುಕೊಳ್ಳಿ. ಹೊಸದಾಗಿ ಯಾರಾದರೂ ಉಲ್ಲೇಖಿಸಿದರೆ ಮೇಲ್ ಬರುತ್ತದೆ. ಥೀಸಿಸ್ ಬೈಂಡಿಂಗಿಗೆ ಕೊಡುವ ಮುಂಚೆ ‘ಸೈಟೆಡ್ ಬೈ’ ಇನ್ನೊಂದು ಸಲ ಒತ್ತಿ ನೋಡಿ, ನಿಮ್ಮ ಖಾಲಿ ಕಾಲಂ ಇನ್ನೂ ಖಾಲಿಯೇ ಇದೆಯಾ ಅಂತ.