ಗಾಳಿ ಬಿಟ್ಟ ದಿನಾ ಬೆಳಗಾವ್ಯಾಗ ಮನಿಮಂದಿ ಕೆಲಸ ಮುಗಿಸಿ ಸಂಜಿ ಗಾಯನಕ್ಕ ಟೈಮಿಗೆ ಮುಟ್ಟೂದು ಹೆಂಗ

ಮೊದಲ ಒಂದ್ ಮಾತು, ಪ್ಲಾನ್ ಮುಂಜಾನಿಂದ ಹಾಕಬ್ಯಾಡ್ರಿ, ಸಂಜಿಯಿಂದ ಹಿಂದಕ್ಕ ಹಾಕ್ರಿ. ಕುಮಾರ ಗಂಧರ್ವ ರಂಗಮಂದಿರದಾಗ ಆರೂವರಿಗೆ ಗಾಯನ ಐತಿ ಅಂದ್ರ ಆರಕ್ಕ ಖುರ್ಚಿ ಮ್ಯಾಲೆ ಕುಂತಿರಬೇಕು, ಐದೂಕಾಲಿಗೆ ಮನಿ ಬಿಡಬೇಕು, ನಾಕಕ್ಕ ಎಲ್ಲಾರೂ ಮನ್ಯಾಗ ಇರಬೇಕು. ಇಷ್ಟ್ಯಾಕ ಒತ್ತಿ ಹೇಳಾಕತ್ತೀನಿ ಅಂದ್ರ ಖಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ ಹಾಡಿಕಿ) ಗಾಯನದಾಗ ಮೊದಲಿನ ಅರ್ಧಾ ತಾಸ ಭಾಳ ಮಹತ್ವದ್ದು, ರಾಗದ ಒಂದೊಂದ ಸ್ವರಾ ಸಾವಕಾಶ ಬಿಚ್ಚೂದು ಅಲ್ಲೇ, ಅದು ತಪ್ಪಿತಂದ್ರ ಮುಂದ ಬರೂ ತಾನುಗಳು, ಅಂದ್ರ ಲಗೂ ಲಗೂ ಓಡೂ ಸ್ವರಗಳು, ಬರೇ ಜೋರ್ ಅನಸ್ತಾವು.

ದಸರಾ ಮುಗದು ದೀಪಾವಳಿ ಬರೂ ಮುಂದ ನಮ್ಮೂರ ಹವಾ ನಂಬೂವಂಗಿಲ್ಲ. ಮುಂಜಾನೆ ಚೊಲೊ ಬಿಸಲು, ಮಧ್ಯಾಹ್ನ ದಾಟಿದ್ರ ಮಾಡ ಕಟ್ಟಿ ಗಾಳಿ ಬಿಟ್ಟು ಗುಡುಗು ಮಳಿ. ಅದಕ್ಕ ಹೊರಗಿನ ಕೆಲಸಾ ಎಲ್ಲಾ ಊಟಕ್ಕಿಂತ ಮೊದ್ಲ ಮುಗಸ್ರಿ.

ವಯಸ್ಸಾದವ್ರ ಕೆಲಸ ಮೊದ್ಲ. ಅಜ್ಜಿ ಚಸ್ಮಾ, ಅಜ್ಜನ ಬ್ಯಾಂಕ್ ಪಾಸ್‌ಬುಕ್, ಅವ್ರನ್ನ ಹತ್ತೂವರಿಗೆ ಕರ್ಕೊಂಡು ಹೋಗಿ ಮನಿಗೆ ಬಿಟ್ಟ ಬರ್ರಿ, ಮಧ್ಯಾಹ್ನ ಅವ್ರು ಒಂದ್ ತಾಸ ಮಲಕೊಂಡ್ರನ ಸಂಜಿ ಕುಂಡ್ರಾಕ ಆಗತೈತಿ. ಆಮ್ಯಾಲೆ ಶಹಾಪುರ, ಸೀರಿಗೆ ಫಾಲ್ ಹಚ್ಚಾಕ ಕೊಟ್ಟಿದ್ರ ತಗೊಂಡು, ಕಪಿಲೇಶ್ವರ ಬ್ರಿಜ್ ದಾಟಿ ಪ್ಯಾಟಿಗೆ ಬರ್ರಿ. ತಿಳಕವಾಡಿ ಕಡೆಯಿಂದ ಬರೂರಿದ್ರ ರೈಲ್ವೆ ಗೇಟ್ ಬೀಳೂ ಟೈಮೂ ಹಿಡೀರಿ, ಗೇಟ್ ಬಿತ್ತಂದ್ರ ಕಾಯೂದ. ಖಡೇಬಜಾರ್, ಗಣಪತ್ ಗಲ್ಲಿ ಒಳಗ ಗಾಡಿ ತಗೊಂಡು ಹೋಗಲೇಬ್ಯಾಡ್ರಿ, ದೂರ ಹಚ್ಚಿ ನಡಕೋತ ಹೋಗ್ರಿ, ಹಬ್ಬದ ಗದ್ದಲದಾಗ ಅದ ಲಗೂ ಆಗತೈತಿ.

ಆಕಾಶಬುಟ್ಟಿ ಮಡಚೂ ಅಂಥಾದ್ದ ತಗೋರಿ, ಬಿಡಿಸಿದ್ದನ್ನ ಸ್ಕೂಟಿ ಮ್ಯಾಲೆ ಹಿಡಕೊಂಡ ಹೋದ್ರ ಕೋಟಿ ಕೆರಿ ಮುಂದಿನ ಗಾಳಿಗೆ ಕಾಗದಾ ಹರದ ಹೋಗತೈತಿ. ಗಿರಣಿಗೆ ಜ್ವಾಳಾ ಹಾಕಿದ್ರ ಡಬ್ಬಿ ಮುಚ್ಚಳಕ್ಕ ಹಗ್ಗಾ ಕಟ್ರಿ. ಈ ಗಾಳ್ಯಾಗ ಛತ್ರಿ ಉಪಯೋಗಿಲ್ಲ, ಜರ್ಕಿನ್ ಒಯ್ರಿ. ಕುಂದಾ ವಾಪಸ್ ಬರೂ ಮುಂದ ತಗೋರಿ ಸಾಕು.

ನಾಕೂವರಿಗೆ ಹಗೂರಂದ ತಿನ್ನಾಕ ಕೊಡ್ರಿ, ಅವಲಕ್ಕಿ ಆದ್ರೂ ನಡೀತೈತಿ, ಹೊಟ್ಟಿ ತುಂಬ ಉಂಡ್ರ ಸಣ್ಣ ಹುಡುಗ್ರು ವಿಲಂಬಿತದಾಗ, ಅಂದ್ರ ಸಾವಕಾಶ ಹಾಡೂ ಭಾಗದಾಗ, ನಿದ್ದಿ ಹೊಡೀತಾವು. ಅವ್ರಿಗೆ ಮನ್ಯಾಗ ತೀನತಾಲ ಅನ್ನೂ ತಾಳಾ ಕಲಸ್ರಿ: ಹದಿನಾರು ಮಾತ್ರೆ (ಎಣಿಕಿ), ಒಂದು, ಐದು, ಹದಿಮೂರಕ್ಕ ಚಪ್ಪಾಳಿ, ಒಂಬತ್ತಕ್ಕ ಖಾಲಿ, ಅಂದ್ರ ಕೈ ಬರೇ ಬೀಸೂದು. ಇಷ್ಟ ಗೊತ್ತಿದ್ದ ಹುಡುಗ ದ್ರುತ್ ಬಂದಿಶ್ (ಲಗೂ ನಡಿಯೂ ಹಾಡು) ಬಂದಾಗ ತೊಡಿ ಮ್ಯಾಲೆ ಲೆಕ್ಕಾ ಹಾಕೋತ ಕುಂಡ್ರತಾನ, ಸಮ್, ಅಂದ್ರ ತಾಳದ ಮೊದಲನೇ ಮಾತ್ರೆ, ಬಂದಾಗ ಅವನ ಮಾರಿ ನೋಡ್ರಿ, ಅದಕ್ಕಿಂತ ಖುಷಿ ಇನ್ನೇನ ಬೇಕು! ರಂಗಮಂದಿರದ ಹೆಸರ ಯಾರದು ಅಂತನೂ ಹೇಳ್ರಿ. ಇಲ್ಲೇ ಸುಳೇಭಾವಿಯಾಗ 1924ರಾಗ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಅನ್ನೂ ಹುಡುಗ ಕುಮಾರ ಗಂಧರ್ವ ಆದ್ರು, ಕ್ಷಯರೋಗ ಬಂದು ವರ್ಷಗಟ್ಲೆ ಹಾಡೂದ ನಿಂತ್ರೂ ತಿರುಗಿ ಹಾಡಿ ತಮ್ಮದ ದಾರಿ ಮಾಡಿಕೊಂಡ್ರು.

ಒಳಗ ಕುಂತ ಮ್ಯಾಲೆ ತಂಬೂರಿ ಶ್ರುತಿ ಮಾಡೂದನ್ನ ಮಾತಾಡ್ದಂಗ ಕೇಳ್ರಿ. ಹವಾ ಹಸಿ ಇದ್ರ ತಬಲಾದ ಚರ್ಮ ಸಡಲಾಗಿ ಸ್ವರ ಇಳೀತೈತಿ, ತಬಲಾದವ್ರು ಸುತ್ತಿಗಿ ಹಿಡದು ಮತ್ತ ಮತ್ತ ಏರಸತಾರ, ಅದನ್ನ ತಡಾ ಅಂತ ಬೇಜಾರಾಗಬ್ಯಾಡ್ರಿ, ಅದೂ ಗಾಯನದ್ದ ಭಾಗ. ಹುಡುಗ್ರಿಗೆ ದಾರಿ ಕಡೆ ಖುರ್ಚಿ ಕೊಡ್ರಿ, ಎದ್ದು ಹೋಗೂದಿದ್ರ ಒಂದ್ ರಾಗ ಮುಗದ ಮ್ಯಾಲೆ. ಅಕ್ಟೋಬರದಾಗ ಆರು ದಾಟಿದ ಸ್ವಲ್ಪದಾಗ ಹೊತ್ತ ಮುಳಗತೈತಿ, ಹಿಂಗಾಗಿ ಸುರುವಿಗೆ ಮಾರವಾ, ಪೂರಿಯಾ ಅಂಥಾ ಸಂಜಿ ರಾಗ ಬಂದ್ರ ಹೊರಗಿನ ಹೊತ್ತಿಗೂ ಒಳಗಿನ ಸ್ವರಕ್ಕೂ ಸರಿ ಕೂಡತೈತಿ.

ಕಡೀಕ ಭೈರವಿ ರಾಗ ಹಾಡೂ ಪದ್ಧತಿ. ಪಾರ್ಕಿಂಗ್ ಗದ್ದಲ ಅಂತ ಅದಕ್ಕಿಂತ ಮೊದ್ಲ ಎದ್ದು ಓಡಬ್ಯಾಡ್ರಿ, ಹಾಡೂವವ್ರ ಎದುರಿಗೆ ಖುರ್ಚಿ ಖಾಲಿ ಆಗೂದು ಚೊಲೊ ಅಲ್ಲ. ರಾತ್ರಿ ಸಿಟಿ ಬಸ್ ಕಡಿಮಿ, ಪರಿಚಯದ ಆಟೋದವ್ರಿಗೆ ಹೋಗೂ ಮುಂದನ ಹೇಳಿಡ್ರಿ, ಅಜ್ಜಿಗೆ ಕಿವಿ ಮುಚ್ಚಾಕ ಸ್ಕಾರ್ಫ್ ಆಟೋದಾಗ ಹತ್ತೂಕಿಂತ ಮೊದ್ಲ ಕಟ್ರಿ.