ಬಿಸಿ ಇಂಜಿನ್ ಸ್ಟಾರ್ಟ್ ಆಗದ ನನ್ನ 930: ಕೊನೆಗೆ ಗೆದ್ದದ್ದು ಹೇಗೆ

ನನ್ನ ಪೋರ್ಷೆ 930, ಅಂದರೆ ಹಳೆಯ 911 ಟರ್ಬೊ ಕಾರು, ತಣ್ಣಗಿದ್ದಾಗ ಒಳ್ಳೇ ಮಗು. ಕೀ ತಿರುಗಿಸಿದರೆ ಸಾಕು, ಎದ್ದು ಕೂರುತ್ತಿತ್ತು. ಚೆನ್ನಾಗಿ ಓಡಿಸಿ, ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಬಂದರೆ ಮಾತ್ರ ಹಠ. ಸ್ಟಾರ್ಟರ್ ಗರ್ ಅಂತ ತಿರುಗುತ್ತಲೇ ಇರುತ್ತಿತ್ತು, ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ಹಿಂದೆ ನಿಂತವರೆಲ್ಲ ಹಾರ್ನ್ ಒತ್ತುತ್ತಿದ್ದರೆ ಹೇಗಿರುತ್ತದೆ ಅಂತ ಈ ಗಾಡಿ ಇಟ್ಟುಕೊಂಡವರಿಗೆ ಗೊತ್ತು.

ನನ್ನದು 3.3 ಲೀಟರಿನದು, ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಇರುವುದು, 4 ಗೇರಿನದು. ಪೆಟ್ರೋಲ್ ಸಿಂಪಡಿಸಲು ಕೆ-ಜೆಟ್ರಾನಿಕ್ ಅನ್ನುವ ಹಳೆಯ ಮೆಕ್ಯಾನಿಕಲ್ ಇಂಜೆಕ್ಷನ್. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಆ ಕೆ-ಜೆಟ್ರಾನಿಕ್ ಕಿತ್ತು ಎಸೆಯಿರಿ, ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿಸಿ." ಅದಕ್ಕೆ ಕೇಳಿದ ದುಡ್ಡಿನಲ್ಲಿ ಇಂಜಿನ್ ಮೇಲಿನ ಅರ್ಧ ಬಿಚ್ಚಿ ಹೊಸದಾಗಿ ಕಟ್ಟಿಸಬಹುದಿತ್ತು. ನಾನು ಒಪ್ಪಲಿಲ್ಲ. ದುಡ್ಡು ಒಂದು ಕಾರಣ, ಅದಕ್ಕಿಂತ ಜಾಸ್ತಿ ಹಠ. ಹೊಸದಾಗಿದ್ದಾಗ ಇದೇ ಇಂಜೆಕ್ಷನ್ ಬಿಸಿಯಲ್ಲೂ ಸ್ಟಾರ್ಟ್ ಆಗುತ್ತಿತ್ತು ತಾನೇ?

ಮೊದಲ ವರ್ಷ ದುಡ್ಡು ಸುರಿದದ್ದೇ ಬಂತು. ಹೊಸ ಸ್ಟಾರ್ಟರ್ ಹಾಕಿದೆ. ಅದೇ ಕೆಮ್ಮು, ಸ್ವಲ್ಪ ಜೋರಾಗಿ. ಆಮೇಲೆ, ಇಂಜಿನ್ ನಿಂತ ಮೇಲೂ ಪೆಟ್ರೋಲ್ ಲೈನಿನಲ್ಲಿ ಒತ್ತಡ ಹಿಡಿದಿಡುವ ಫ್ಯೂಯಲ್ ಅಕ್ಯುಮುಲೇಟರ್. ಇದು ದಂಡ ಅನ್ನಲಾರೆ, ಹಳೆಯದರ ಹಿಂಬದಿಯ ಸಣ್ಣ ಪೈಪು ಬಿಚ್ಚಿದರೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಅಂದರೆ ಒಳಗಿನ ಡಯಾಫ್ರಾಮ್ ಪರದೆ ಹರಿದಿತ್ತು. ಬದಲಾಯಿಸಿದ ಮೇಲೆ 10 ನಿಮಿಷದ ನಿಲುಗಡೆಗೆ ಸರಿಯಾಯಿತು, 30 ನಿಮಿಷಕ್ಕೆ ಇಲ್ಲ. ಆಮೇಲೆ ಗಾಡಿಯ ಎರಡೂ ಇಂಧನ ಪಂಪುಗಳ ಚೆಕ್ ವಾಲ್ವ್, ಅಂದರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ. ಏನೂ ವ್ಯತ್ಯಾಸವಿಲ್ಲ. ಯಾರೋ ಹೇಳಿದರು ಅಂತ ಎಕ್ಸಾಸ್ಟಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಒಂದು ಮಳೆಗಾಲ ಕಳೆದು ಬಿಚ್ಚಿ ನೋಡಿದರೆ ಪಟ್ಟಿಯಡಿಯಲ್ಲಿ ತುಕ್ಕು. ಇಂಜಿನ್ ನಿಂತ ಮೇಲೂ ಗಾಳಿ ಊದಲಿ ಅಂತ ಒಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದೂ ಉಂಟು. ಬ್ಯಾಟರಿ ಬರಿದಾಯಿತು. ಬಿಸಿ ಸ್ಟಾರ್ಟ್ ಇರಲಿ, ಅವತ್ತು ತಣ್ಣನೆಯ ಸ್ಟಾರ್ಟೂ ಇಲ್ಲ.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಪ್ರೆಷರ್ ಗೇಜ್ ಕೊಂಡೆ. ಸಿಲಿಂಡರ್‌ಗಳಿಗೆ ಪೆಟ್ರೋಲ್ ಹಂಚುವ ಡಿಸ್ಟ್ರಿಬ್ಯೂಟರಿಗೂ, ತಣ್ಣಗಿನ ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಕೊಡಿಸುವ ವಾರ್ಮ್‌ಅಪ್ ರೆಗ್ಯುಲೇಟರಿಗೂ ನಡುವೆ ಜೋಡಿಸಿ, ಗಾಡಿಯನ್ನು ಒಂದು ಗಂಟೆ ಓಡಿಸಿ ತಂದು ನಿಲ್ಲಿಸಿದೆ. ಇಂಜಿನ್ ನಿಂತರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ, ಶಾಖವೆಲ್ಲ ಮೇಲೇರುತ್ತದೆ. ಲೈನಿನಲ್ಲಿ ಒತ್ತಡ ಉಳಿದಿದ್ದರೆ ಪೆಟ್ರೋಲ್ ಕುದಿಯುವುದಿಲ್ಲ, ಇಲ್ಲದಿದ್ದರೆ ಆವಿಯಾಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. 10 ನಿಮಿಷಕ್ಕೆ ಒಂದೂವರೆ ಬಾರ್ (ಒತ್ತಡದ ಅಳತೆ) ಆಸುಪಾಸು ಉಳಿದಿರಬೇಕು. ನಾನು ಸ್ಟೂಲ್ ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಕೂತೆ. 4 ನಿಮಿಷಕ್ಕೆ ಮುಳ್ಳು ಒಂದು ಬಾರ್‌ಗೆ ಇಳಿದಿತ್ತು. 8 ನಿಮಿಷಕ್ಕೆ ಸೊನ್ನೆ.

ಮತ್ತೆ ಓಡಿಸಿ ತಂದೆ. ಈ ಸಲ ಇಂಜಿನ್ ನಿಂತ ಕೂಡಲೇ ಟ್ಯಾಂಕಿಗೆ ವಾಪಸ್ ಹೋಗುವ ರಬ್ಬರ್ ಪೈಪನ್ನು ಕ್ಲ್ಯಾಂಪ್ ಹಾಕಿ ಒತ್ತಿಬಿಟ್ಟೆ. ಪಂಪು ನಿಂತ ಮೇಲೆಯೇ ಒತ್ತಬೇಕು. ಓಡುತ್ತಿರುವಾಗ ಒತ್ತಿದರೆ ಒತ್ತಡ ಎಲ್ಲಿಗೇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಳ್ಳು ಅಲ್ಲಾಡಲಿಲ್ಲ. 20 ನಿಮಿಷ ಕೂತೆ, ಕೂದಲೆಳೆಯಷ್ಟು ಇಳಿದಿತ್ತು ಅಷ್ಟೇ. ಪಂಪು, ಅಕ್ಯುಮುಲೇಟರ್, ಇಂಜೆಕ್ಟರ್ ಎಲ್ಲ ಸರಿ ಇದ್ದವು. ಸೋರುತ್ತಿದ್ದದ್ದು ಡಿಸ್ಟ್ರಿಬ್ಯೂಟರ್ ಪಕ್ಕದಲ್ಲೇ ಇರುವ ಸಿಸ್ಟಮ್ ಪ್ರೆಷರ್ ರೆಗ್ಯುಲೇಟರ್, ಅಂದರೆ ಲೈನಿನ ಒತ್ತಡ ಕಾಯ್ದು ಹೆಚ್ಚಾದದ್ದನ್ನು ಆ ವಾಪಸ್ ಪೈಪಿಗೆ ಬಿಡುವ ವಾಲ್ವ್. ಅದರ ಪುಶ್ ವಾಲ್ವಿನ ಓ-ರಿಂಗ್‌ಗಳು, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಕಲ್ಲಾಗಿದ್ದವು. ಉಗುರಿನಲ್ಲಿ ಒತ್ತಿದರೆ ಒಂದು ಚಟ್ ಅಂತ ಮುರಿದೇ ಹೋಯಿತು.

ಆ ರಿಂಗುಗಳಿಗೆ ಅರ್ಧ ಟ್ಯಾಂಕ್ ಪೆಟ್ರೋಲಿನ ದುಡ್ಡೂ ಆಗಲಿಲ್ಲ. ಅಷ್ಟರೊಳಗೆ ಬೇರೆ ಭಾಗಗಳಿಗೆ ಸುರಿದದ್ದರಲ್ಲಿ ಎರಡು ಜೊತೆ ಟೈರು ಬರುತ್ತಿದ್ದವು.

ಹಾಗಂತ ರಿಂಗ್ ಹಾಕಿದರೆ ಮುಗಿಯಲಿಲ್ಲ. ಮೊದಲ ಸಲ ಸಿಕ್ಕಿದ ರಬ್ಬರಿನದು ಹಾಕಿದೆ, ಎರಡು ತಿಂಗಳಿಗೆ ಉಬ್ಬಿಕೊಂಡಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆಯಲ್ಲ. ಎರಡನೇ ಸಲ ಬೇರೆ ಜಾತಿಯ ರಬ್ಬರ್ ಹುಡುಕಿದೆ; ಯಾವುದು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಿಚ್ಚಿ ಕಟ್ಟಿದ ಮೇಲೆ ಸಿಸ್ಟಮ್ ಪ್ರೆಷರ್ ಕೂಡ ಕೆಳಗೆ ಬಂದಿತ್ತು. ಶಿಮ್ ಅನ್ನುವ ತೆಳು ಲೋಹದ ಬಿಲ್ಲೆ ಹಾಕಿ 6 ಬಾರ್ ದಾಟಿಸಿದೆ. ಶಿಮ್ ದಪ್ಪ ಹೇಳಿ ಪ್ರಯೋಜನವಿಲ್ಲ, ಪ್ರತಿ ಗಾಡಿಗೂ ಬೇರೆ.

ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ಮುಟ್ಟುವವರಿಗೆ ಒಂದು ಮಾತು. 3 ಮಿ.ಮೀ. ಅಲೆನ್ ಕೀಯನ್ನು ಕಾಲು ಸುತ್ತು ತಿರುಗಿಸಿದರೆ ಅದು ಬಹಳ ಆಯಿತು. ಗಡಿಯಾರದ ಮುಳ್ಳು ಒಂದು ನಿಮಿಷ ಸರಿದಷ್ಟು ಸಾಕು. ಕೀ ತೂತಿನಲ್ಲಿದ್ದಾಗ ಆಕ್ಸಿಲರೇಟರ್ ಕೊಡಬೇಡಿ. ನಾನು ಒಮ್ಮೆ ಕೊಟ್ಟು, ಕೀ ಬಾಗಿಸಿಕೊಂಡು, ಅರ್ಧ ದಿನ ಬೈಗುಳದಲ್ಲೇ ಕಳೆದೆ.

ಇದರ ಮಧ್ಯೆ ಇನ್ನೊಂದು ಹುಚ್ಚಾಟವೂ ಆಯಿತು. ವಾರಗಟ್ಟಲೆ ನಿಂತರೆ ಸ್ಟಾರ್ಟ್ ಮಾಡುವಾಗ ನೀಲಿ ಹೊಗೆ ಬರುತ್ತಿತ್ತು. ಟರ್ಬೊ ಹೋಯಿತು ಅಂದರು. ಟರ್ಬೊಗೆ ಆಯಿಲ್ ಹೋಗುವ ಲೈನಿನ ಚೆಕ್ ವಾಲ್ವ್ ಬಿಚ್ಚಿ ತೊಳೆದೆ, ಹೊಗೆ ಅರ್ಧ ಕಡಿಮೆಯಾಯಿತು. ಉಳಿದ ಅರ್ಧ ನನ್ನದೇ ಕೈಗುಣ. ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದೆ ಅಂತ ಒಂದೂವರೆ ಲೀಟರ್ ಆಯಿಲ್ ಸುರಿದಿದ್ದೆ. ಆಯಿಲ್ ಬೇರೆ ಟ್ಯಾಂಕಿನಲ್ಲಿರುವ ಡ್ರೈ ಸಂಪ್ ಗಾಡಿಯಲ್ಲಿ ಬಿಸಿ ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಸಮತಟ್ಟು ಜಾಗದಲ್ಲಿ ನೋಡಬೇಕು ಅಂತ ಗೊತ್ತಿದ್ದೂ! ಜಾಸ್ತಿಯಾದ ಆಯಿಲ್ ಬ್ರೀದರ್ ಪೈಪಿನ ಮೂಲಕ, ಇಂಜಿನ್ ಗಾಳಿ ಎಳೆದುಕೊಳ್ಳುವ ಏರ್‌ಬಾಕ್ಸ್ ಸೇರಿ, ಅಲ್ಲಿಂದ ಇಂಟರ್‌ಕೂಲರಿಗೆ ಹೋಗಿ ಕೂತಿತ್ತು. ತೊಳೆಯಲು ಒಂದು ಭಾನುವಾರ ಬೇಕಾಯಿತು.

ಈಗ ಒಂದೂವರೆ ವರ್ಷ ಆಯಿತು, ಸುಮಾರು 6,000 ಕಿ.ಮೀ. ಓಡಿದೆ. ಜೋರಾಗಿ ಓಡಿಸಿದ ಮೇಲೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಟರ್ಬೊ ತಣಿಸುತ್ತೇನೆ, ಆಮೇಲೆ ಆಫ್. 40 ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಎರಡನೇ ಸುತ್ತಿಗೇ ಹಿಡಿಯುತ್ತದೆ. ಇಂಜೆಕ್ಷನ್ ಕಿತ್ತು ಎಸೆಯಿರಿ ಅಂದಿದ್ದ ಮೆಕ್ಯಾನಿಕ್ ಮೊನ್ನೆ ಬಂದು ನಿಂತು, ತಾನೇ ಕೀ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಹೋಗುವಾಗ, "ಆ ಗೇಜ್ ಎರಡು ದಿನಕ್ಕೆ ಕೊಡ್ತೀರಾ?" ಅಂದರು. ಕೊಟ್ಟೆ. ಮೂರು ವಾರ ಆಯಿತು, ಇನ್ನೂ ವಾಪಸ್ ಬಂದಿಲ್ಲ.