ಬುದ್ಧಿ ಹೇಳುವುದು ಬಿಟ್ಟ ಮೇಲೆ ಹುಡುಗರು ಮಾತಾಡಿದರು

“ಬೈಯಲ್ಲ, ಹೆದರಿಸಲ್ಲ, ಬರೀ ಮಾತಾಡಿಸ್ಕೊಂಡು ಬರ್ತೀರಾ. ಅಷ್ಟಕ್ಕೇ ಗಾಂಜಾ ಬಿಡ್ತಾರಾ?” ಅಂತ ನಮ್ಮ ಕೌನ್ಸೆಲಿಂಗ್ ಕ್ಷೇತ್ರದ ಹಿರಿಯರೊಬ್ಬರು ಕೇಳಿದ್ದರು. ನಾನು ಬಳಸುವುದು ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದರೆ ಬದಲಾಗಲು ಕಾರಣವನ್ನು ಅವರ ಬಾಯಿಂದಲೇ ಹೊರಡಿಸುವ ಮಾತುಕತೆ. ಅದನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದದ್ದು ಕುಡಿತದವರಿಗಾಗಿ, ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಅದು ಒಗ್ಗಲ್ಲ ಅಂತ ಅವರ ವಾದ. ಒಗ್ಗಿತು. ನನ್ನ ಹತ್ತಿರ ಬಂದ ಇಪ್ಪತ್ತೈದಕ್ಕೂ ಸ್ವಲ್ಪ ಹೆಚ್ಚು ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ಕೆಲಸಕ್ಕೋ ಐಟಿಐಗೋ ಹೋಗುತ್ತಿದ್ದಾರೆ. ನಾಲ್ಕೈದು ಜನ ಕೈತಪ್ಪಿದರು. ಉಳಿದವರು ಬಿಡುತ್ತಾರೆ, ಹಿಡಿಯುತ್ತಾರೆ, ಮತ್ತೆ ಬಿಡುತ್ತಾರೆ.

ಹೌದು-ಇಲ್ಲ ಅಂತ ಮುಗಿಯದ ತೆರೆದ ಪ್ರಶ್ನೆ, ಅವರು ಹೇಳಿದ್ದರ ಒಳಾರ್ಥವನ್ನು ತಿರುಗಿ ಹೇಳುವ ಪ್ರತಿಫಲನ, ಇದೆಲ್ಲ ಈ ಕೆಲಸದವರಿಗೆ ಗೊತ್ತಿರುವುದೇ. ಕೆಲಸ ಕೆಡುತ್ತಿದ್ದದ್ದು ಜಗಲಿಯಲ್ಲಿ. ನನಗೆ ಕುರ್ಚಿ ಹಾಕುತ್ತಾರೆ, ಹುಡುಗನನ್ನು ಎದುರಿಗೆ ನಿಲ್ಲಿಸುತ್ತಾರೆ. “ಇವ್ನಿಗೆ ನಾಕು ಬುದ್ಧಿ ಹೇಳಿ ಸಾರ್” ಅಂತ ಅಪ್ಪ ಶುರು ಮಾಡುತ್ತಾರೆ. ಹುಡುಗ ನೆಲ ನೋಡುತ್ತಾ ಹೂಂ ಅನ್ನುತ್ತಾನೆ. ಸಂಜೆ ಮತ್ತೆ ಅದೇ ಜಾಗಕ್ಕೆ ಹೋಗುತ್ತಾನೆ. ಮೊದಲ ವರ್ಷ ಹೀಗೇ ಕಳೆಯಿತು. ಪೆಟ್ರೋಲಿಗೇ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ. ಗೌರವಧನ ಬಂದಾಗ ಬಂತು. ಬೆಂಗಳೂರಿನ ತರಬೇತಿಗೆ ಬಸ್ಸು, ರೂಮು ಸೇರಿ ಆರು ಸಾವಿರ ಕೈಯಿಂದಲೇ ಹಾಕಿದ್ದೆ.

ದಾರಿ ಸಿಕ್ಕಿದ್ದು ಅಡಿಕೆ ಕೊಯ್ಲಿನಲ್ಲಿ. ರಾತ್ರಿ ಸುಲಿಯುವಾಗ ನಾನೂ ಒಂದು ಮೆಟ್ಟುಗತ್ತಿ ತೆಗೆದುಕೊಂಡು ಹುಡುಗನ ಪಕ್ಕದಲ್ಲಿ ಕುಳಿತೆ. ಎದುರುಬದುರು ಅಲ್ಲ, ಮುಖ ನೋಡುವ ಕಷ್ಟವಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು. “ಗಾಂಜಾ ಬಿಟ್ರೆ ನಂಗೆ ಫ್ರೆಂಡ್ಸೇ ಇರಲ್ಲ ಸಾರ್” ಅಂದ.

“ಒಬ್ನೇ ಆಗ್ಬಿಡ್ತೀನಿ ಅನ್ನೋ ಭಯ” ಅಂದೆ, ಅಷ್ಟೇ.

ಏಳೆಂಟು ಅಡಿಕೆ ಸುಲಿಯುವವರೆಗೂ ಮಾತಿಲ್ಲ. ಆಮೇಲೆ, “ಅಮ್ಮನ್ನ ಆಸ್ಪತ್ರೆಗೆ ಸೇರಿಸಿದಾಗ ಅವ್ರಲ್ಲಿ ಒಬ್ನೂ ಬರ್ಲಿಲ್ಲ” ಅಂದ.

ನಾವು ಕಾಯುವ ಮಾತು ಇದೇ, ಬಿಡಲು ಕಾರಣ ಅವನ ಬಾಯಿಂದಲೇ ಬರುವುದು, ಅಲ್ವಾ? ಅದನ್ನೇ ಹಿಡಿದು ಮುಂದೆ ಹೋದೆ. ಉಳಿದದ್ದನ್ನು ಅವನೇ ಹೇಳಿದ.

ಸೊನ್ನೆಯಿಂದ ಹತ್ತರ ಅಳತೆಗೂ ನನಗೆ ಅಡಿಕೆಯೇ ಬೇಕು. ಹತ್ತು ಗೋಟಡಿಕೆ ಸಾಲಾಗಿಟ್ಟು, ಬಿಡಬೇಕು ಅಂತ ಎಷ್ಟು ಅನ್ನಿಸುತ್ತೋ ಅಷ್ಟನ್ನು ನಿನ್ನ ಕಡೆ ಎಳ್ಕೋ ಅನ್ನುತ್ತೇನೆ. ನಾಲ್ಕು ಎಳೆದರೆ “ಎರಡೇ ಯಾಕೆ ಎಳೀಲಿಲ್ಲ?” ಅಂತ ಕೇಳಬೇಕು. “ಎಂಟು ಯಾಕಿಲ್ಲ?” ಅಂದರೆ ಬರೀ ನೆಪ ಬರುತ್ತವೆ.

ಒಪ್ಪಿಗೆ ಕೇಳಿ ಕೆಲವು ಮಾತುಕತೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಅಳಿಸಿದೆ. ಒಂದು ಪ್ರಶ್ನೆಗೆ ಎರಡು ಪ್ರತಿಫಲನ ಬರಬೇಕು ಅಂತಾರಲ್ಲ, ನನ್ನದು ಶುರುವಿನಲ್ಲಿ ಪೂರಾ ಉಲ್ಟಾ ಇತ್ತು. ಖರ್ಚಿಲ್ಲದ ಈ ಕೆಲಸದಿಂದ ತರಬೇತಿಗಿಂತ ಜಾಸ್ತಿ ಕಲಿತೆ.

ಅಪ್ಪಂದಿರದ್ದು ಹುಡುಗರಿಗಿಂತ ಕಷ್ಟ. ಬೈಯಬೇಡಿ ಅಂತ ಪಾಠ ಮಾಡಿದರೆ ಅವರೂ ಮಗನ ಹಾಗೇ ಹೂಂ ಅಂದು ಸುಮ್ಮನಾಗುತ್ತಾರೆ. ಹಾಗಾಗಿ ಅವರ ಜೊತೆಗೂ ಇದೇ ವಿಧಾನ, ಮಗ ಮನೆಯಲ್ಲಿ ಇಲ್ಲದಾಗ. ಅಪ್ಪಂದಿರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ಮಳೆಗಾಲದಲ್ಲಿ ಮನೆಗಳಿಗೆ ಹೋಗುವುದು ಕಷ್ಟ ಅಂತ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿ ನೋಡಿದೆ. ಜುಲೈನಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಐದಾರು ಹುಡುಗರನ್ನು ಒಟ್ಟಿಗೆ ಕೂರಿಸಿದ್ದೂ ಆಯಿತು. ಒಬ್ಬರೆದುರು ಒಬ್ಬರು ಬಡಾಯಿ ಕೊಚ್ಚಿಕೊಂಡರು, ಅಷ್ಟೇ. ಸಾಯುತ್ತೇನೆ ಅನ್ನುವ ಮಾತು ಬಂದರೆ ಮಾತ್ರ ನಾನು ಈ ಯಾವ ಪ್ರಯೋಗಕ್ಕೂ ಕೈ ಹಾಕುವುದಿಲ್ಲ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು, ಮನೆಯವರ ಜೊತೆ ಶಿವಮೊಗ್ಗಕ್ಕೆ, ಮೆಗ್ಗಾನ್ ಆಸ್ಪತ್ರೆಗೆ.

ಈಗ ಓಸಿ (ಮಟ್ಕಾ ಜೂಜು) ಆಡುವ ಮೂರ್ನಾಲ್ಕು ಹುಡುಗರ ಜೊತೆ ಶುರು ಮಾಡಿದ್ದೇನೆ. ಅಲ್ಲಿ ಸಾಲದ ಲೆಕ್ಕವನ್ನು ಅವರ ಕೈಯಲ್ಲೇ ಬರೆಸುತ್ತೇನೆ, ಮೊತ್ತವನ್ನೂ ಅವರೇ ಓದಿ ಹೇಳಬೇಕು. ಇಬ್ಬರು ಬರೆದು ಕೊಟ್ಟಿದ್ದಾರೆ.